ಹೊಸ ಪಿಕಪ್ ಗಾಡಿಯ ಬಣ್ಣ ಮತ್ತು ತಳ: ಕಾಪಾಡುವ ಬಗೆ

ಎತ್ತಿನ ಬಂಡಿಯ ಕಾಲದಲ್ಲಿ ನಮ್ಮ ಹಿರಿಯರು ಅಚ್ಚಿಗೆ ಎಣ್ಣೆ ಹಾಕದೆ ಬಂಡಿ ಹೂಡುತ್ತಿರಲಿಲ್ಲ. ಹೊಲದಿಂದ ಬಂದ ಮೇಲೆ ಗಾಲಿಗೆ ಅಂಟಿದ ಎರೆಮಣ್ಣನ್ನು ಕೆರೆದು ತೆಗೆದ ನಂತರವೇ ಅದನ್ನು ನೆರಳಿಗೆ ತಳ್ಳುತ್ತಿದ್ದರು. ಇಂದು ಬಂಡಿಯ ಜಾಗಕ್ಕೆ ಪಿಕಪ್ ಗಾಡಿ ಬಂದಿದೆ. ಬೊಮ್ರಾಸಪೇಟ್, ಕೊಡಂಗಲ್, ತಾಂಡೂರು ಕಡೆಯ ಹಳ್ಳಿಗಳಲ್ಲಿ ತೊಗರಿ ಚೀಲ, ಗೊಬ್ಬರ, ಫರಸಿ ಕಲ್ಲು, ದನಕರು ಎಲ್ಲವೂ ಅದರ ಮೇಲೆಯೇ ಸಾಗುತ್ತವೆ. ಹೊಸ ಗಾಡಿ ಮನೆಗೆ ಬಂದ ದಿನ ಕುಂಕುಮ ಹಚ್ಚುತ್ತೇವೆ, ಹಾರ ಹಾಕುತ್ತೇವೆ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಆದರೆ ಬಾಗಿ ಅದರ ತಳವನ್ನು ನೋಡುವವರು ಕಡಿಮೆ. ಈ ಲೇಖನದಲ್ಲಿ ಗಾಡಿಯ ಬಣ್ಣವನ್ನೂ ತಳವನ್ನೂ ಹೇಗೆ ಕಾಪಾಡಬೇಕು, ಅದರ ಹಿಂದಿರುವ ವಿಜ್ಞಾನವೇನು ಎಂಬುದನ್ನು ತಿಳಿಯೋಣ.

ನಮ್ಮ ಮನೆಯ ಗಾಡಿಯ ಕಥೆ

ಮೊದಲು ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇವೆ. ನಮ್ಮ ಮೊದಲ ಪಿಕಪ್ಪನ್ನು ಐದು ವರ್ಷದ ಕಂತಿನ ಸಾಲದ ಮೇಲೆ ತಂದೆವು. ಎರಡು ತಿಂಗಳು ಮಳೆಯಲ್ಲಿ, ಹೊಲದ ರಾಡಿಯಲ್ಲಿ ಓಡಿಸಿದ ನಂತರ, ತಳಕ್ಕೆ ಕಪ್ಪು ಲೇಪ ಹಾಕಿಸಿದರೆ ತುಕ್ಕು ಬಾರದೆಂದು ಯಾರೋ ಹೇಳಿದರು. ಪಟ್ಟಣದ ಒಂದು ಅಂಗಡಿಯಲ್ಲಿ ಮೇಲೆ ಮೇಲೆ ನೀರು ಹೊಡೆದು, ಒಂದು ಗಂಟೆಯೊಳಗೇ ಲೇಪ ಸಿಂಪಡಿಸಿ ಕೊಟ್ಟರು. ತಳವೆಲ್ಲ ಕರಿ ಹಂಚಿನಂತೆ ಹೊಳೆಯುತ್ತಿತ್ತು. ಇನ್ನು ಚಿಂತೆಯಿಲ್ಲವೆಂದು ನಾವು ಆ ಕಡೆ ನೋಡುವುದನ್ನೇ ಬಿಟ್ಟೆವು.

ಮೂರನೆಯ ಮಳೆಗಾಲದಲ್ಲಿ, ಆಗ ಏಳನೆಯ ತರಗತಿಯಲ್ಲಿ ಓದುತ್ತಿದ್ದ ನಮ್ಮ ಮನೆಯ ಹುಡುಗಿ ಅಂಗಳದ ಫರಸಿಯ ಮೇಲೆ ಗಾಡಿ ನಿಲ್ಲುವ ಕಡೆ ಕಂದು ಕಲೆಗಳನ್ನು ತೋರಿಸಿದಳು. ಕೆಮ್ಮಣ್ಣಿನ ನೀರು ಇರಬೇಕೆಂದು ನಾವು ತಳ್ಳಿಹಾಕಿದೆವು. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ಬ್ರೇಕಿನ ಪೆಡಲು ನೆಲಕ್ಕೆ ಹೋಯಿತು. ಗಾಡಿ ಅಂಗಳದಲ್ಲೇ ನಿಂತಿತ್ತು, ಅದು ನಮ್ಮ ಪುಣ್ಯ. ಮೇಸ್ತ್ರಿ ಕೆಳಗೆ ನೋಡಿದಾಗ ಬ್ರೇಕಿನ ಎಣ್ಣೆ ಹರಿಯುವ ಉಕ್ಕಿನ ಕೊಳವೆ ತುಕ್ಕು ತಿಂದು ತೂತಾಗಿತ್ತು. ಕಪ್ಪು ಲೇಪವನ್ನು ಉಗುರಿನಿಂದ ಎತ್ತಿದರೆ ರೊಟ್ಟಿಯ ಪದರದಂತೆ ಎದ್ದು ಬಂತು. ಒಳಗೆ ಹಸಿ ಮಣ್ಣು, ಮಣ್ಣಿನ ಕೆಳಗೆ ಪುಡಿಪುಡಿಯಾದ ಕಬ್ಬಿಣ. ಸಾಲದ ಕಂತು ಇನ್ನೂ ಹನ್ನೊಂದು ಬಾಕಿ ಇದ್ದವು.

ತಪ್ಪು ಅಂಗಡಿಯವರದೊಂದೇ ಅಲ್ಲ. ಲೇಪ ಹಾಕಿಸಿದ ಮೇಲೆ ನೋಡುವುದನ್ನು ಬಿಟ್ಟವರು ನಾವು. ಲೇಪವು ಗಾಡಿಯನ್ನು ತಾನಾಗಿ ಕಾಯುವುದಿಲ್ಲ. ಶುಚಿ, ಒಣಗು ಮತ್ತು ಆಗಾಗ ನೋಡುವ ಕಣ್ಣು ಕಾಯುತ್ತವೆ. ಈ ಪಾಠಕ್ಕೆ ನಾವು ದುಬಾರಿ ಬೆಲೆ ತೆತ್ತೆವು.

ತುಕ್ಕು ಎಂದರೇನು?

ಕಬ್ಬಿಣವು ಅದಿರಿನ ರೂಪದಲ್ಲಿ ಭೂಮಿಯಲ್ಲಿರುತ್ತದೆ. ಅದಿರೆಂದರೆ ಬಹುಮಟ್ಟಿಗೆ ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತ. ಮನುಷ್ಯನು ಕುಲುಮೆಯಲ್ಲಿ ಬೆಂಕಿಯ ಬಲದಿಂದ ಆಮ್ಲಜನಕವನ್ನು ಬೇರ್ಪಡಿಸಿ ಕಬ್ಬಿಣವನ್ನು ಪಡೆಯುತ್ತಾನೆ. ಗಾಳಿ ಮತ್ತು ನೀರು ಎರಡೂ ಒಟ್ಟಿಗೆ ಸಿಕ್ಕರೆ ಕಬ್ಬಿಣ ಪುನಃ ತನ್ನ ಮೊದಲಿನ ಸ್ಥಿತಿಗೆ ಮರಳುತ್ತದೆ. ಅದೇ ತುಕ್ಕು. ಒಣ ಗಾಳಿಯೊಂದೇ ಇದ್ದರೆ ತುಕ್ಕು ಹಿಡಿಯದು. ಗಾಳಿ ಕರಗಿರದ ನೀರೊಂದೇ ಇದ್ದರೂ ಹಿಡಿಯದು.

ಕಬ್ಬಿಣದ ಮೇಲಿನ ಒಂದು ಹನಿ ನೀರನ್ನು ಒಂದು ಪುಟ್ಟ ವಿದ್ಯುತ್ಕೋಶ ಎಂದು ತಿಳಿಯಬಹುದು. ಹನಿಯ ಅಂಚಿನಲ್ಲಿ ಗಾಳಿ ಸುಲಭವಾಗಿ ಸೇರುತ್ತದೆ, ನಡುವಿನಲ್ಲಿ ಕಡಿಮೆ. ಗಾಳಿ ಕಡಿಮೆ ಇರುವ ನಡುಭಾಗದಲ್ಲಿ ಕಬ್ಬಿಣದ ಪರಮಾಣುಗಳು ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತವೆ. ಆ ಇಲೆಕ್ಟ್ರಾನುಗಳು ಲೋಹದ ಮೂಲಕ ಅಂಚಿಗೆ ಹರಿದು ಅಲ್ಲಿನ ಆಮ್ಲಜನಕವನ್ನು ಸೇರುತ್ತವೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಯು. ಆರ್. ಎವಾನ್ಸ್ ಎಂಬ ವಿಜ್ಞಾನಿಯು 1920ರ ದಶಕದಲ್ಲಿ ಉಪ್ಪುನೀರಿನ ಒಂದು ಹನಿಯಿಂದಲೇ ಇದನ್ನು ತೋರಿಸಿಕೊಟ್ಟನು.

ಇದರಿಂದ ನಮಗೊಂದು ಮುಖ್ಯ ಸಂಗತಿ ತಿಳಿಯುತ್ತದೆ. ತುಕ್ಕು ಹೆಚ್ಚಾಗಿ ತಿನ್ನುವುದು ಗಾಳಿ ಚೆನ್ನಾಗಿ ಆಡುವ ಕಡೆಯಲ್ಲ. ಹಸಿ ಮಣ್ಣಿನ ಹೆಂಟೆಯ ಕೆಳಗೆ, ರಬ್ಬರ್ ಚಾಪೆಯ ಅಡಿಯಲ್ಲಿ, ಎರಡು ತಗಡುಗಳು ಕೂಡುವ ಸಂದಿಯಲ್ಲಿ. ಮಣ್ಣು ಮುಚ್ಚಿದೆ, ಆದ್ದರಿಂದ ಕಬ್ಬಿಣ ಸುರಕ್ಷಿತ ಎಂದು ಭಾವಿಸುವುದು ತಪ್ಪು.

ತುಕ್ಕಿಗೆ ಮತ್ತೊಂದು ಗುಣವಿದೆ. ಅದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಬಣ್ಣದ ಕೆಳಗೆ ಅದು ಉಬ್ಬಿದಾಗ ಬಣ್ಣ ಬೊಬ್ಬೆಯೇಳುತ್ತದೆ. ಬೊಬ್ಬೆ ಒಡೆದ ಕಡೆ ಹೊಸ ನೀರು ಸೇರುತ್ತದೆ. ಹೀಗೆ ಸಾಸಿವೆ ಕಾಳಿನಷ್ಟು ಗಾಯ ಒಂದೆರಡು ಮಳೆಗಾಲದಲ್ಲಿ ಅಂಗೈಯಗಲ ಆಗುತ್ತದೆ.

ಬಣ್ಣದ ಪದರಗಳು

ಗಾಡಿಯ ಮೈಯ ಉಕ್ಕಿನ ತಗಡು ಸಾಮಾನ್ಯವಾಗಿ ಮುಕ್ಕಾಲು ಮಿಲಿಮೀಟರಿನ ಆಸುಪಾಸು ದಪ್ಪವಿರುತ್ತದೆ. ಕಾರ್ಖಾನೆಯಲ್ಲಿ ಅದನ್ನು ಮೊದಲು ತೊಳೆದು ಸತುವಿನ ಫಾಸ್ಫೇಟ್ ದ್ರಾವಣದಲ್ಲಿ ಅದ್ದುತ್ತಾರೆ. ಅನಂತರ ಇಡೀ ಮೈಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಗಾಡಿಯ ಮೈಯೇ ಋಣಾಗ್ರವಾಗಿ, ಬಣ್ಣದ ಕಣಗಳು ಬಂದು ಸಂದುಗೊಂದುಗಳಲ್ಲೂ ಅಂಟಿಕೊಳ್ಳುತ್ತವೆ. 1970ರ ದಶಕದ ಕೊನೆಯಿಂದ ಈ ವಿಧಾನ ಜಗತ್ತಿನ ಮೋಟಾರು ಕಾರ್ಖಾನೆಗಳಲ್ಲಿ ಹರಡಿತು. ಇದರ ಮೇಲೆ ನಡುವಣ ಲೇಪ, ಅದರ ಮೇಲೆ ನಮಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಹೊಳಪಿನ ಲೇಪ.

ಈ ಎಲ್ಲ ಪದರಗಳೂ ಸೇರಿ ದಪ್ಪ ಸುಮಾರು 100 ರಿಂದ 130 ಮೈಕ್ರಾನು ಮಾತ್ರ. ಒಂದು ಮೈಕ್ರಾನು ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅಂದರೆ ನಾವು ಬಣ್ಣವೆನ್ನುವುದು ದಪ್ಪ ತಲೆಗೂದಲಿಗಿಂತ ಸ್ವಲ್ಪವೇ ಹೆಚ್ಚು. ಅದರಲ್ಲಿ ಮೇಲಿನ ಹೊಳಪಿನ ಲೇಪ 40 ಮೈಕ್ರಾನಿನ ಆಸುಪಾಸು. ಹೊಳಪು ಬರಲೆಂದು ಯಂತ್ರದಿಂದ ಪದೇ ಪದೇ ಉಜ್ಜಿಸಿದರೆ ಪ್ರತಿ ಸಲವೂ ಅದರಲ್ಲಿ ಒಂದಿಷ್ಟು ಸವೆಯುತ್ತದೆ.

ತೆಳುವಾದ ಪದರವೆಂದು ಹೀಗಳೆಯಬಾರದು. ದೆಹಲಿಯ ಕಬ್ಬಿಣದ ಕಂಬವು ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೇಲ್ಮೈಯಲ್ಲಿ ಉಂಟಾದ ತೆಳು ಪದರವೇ ಕಂಬವನ್ನು ಕಾಯುತ್ತಿದೆ. ಇಂದಿನ ಗಾಡಿಗಳ ಉಕ್ಕಿನಲ್ಲಿ ಅಷ್ಟು ರಂಜಕವಿಲ್ಲ. ಆದ್ದರಿಂದ ಬಣ್ಣವೇ ಅದಕ್ಕೆ ಚರ್ಮ.

ನಮ್ಮ ಸೀಮೆಯಲ್ಲಿರುವ ಶತ್ರುಗಳು

ಗಾಡಿಯ ಕೈಪಿಡಿಗಳು ಇಡೀ ದೇಶಕ್ಕಾಗಿ ಬರೆದವು. ನಮ್ಮ ನೆಲದ ಗುಣವನ್ನು ನಾವೇ ಅರಿಯಬೇಕು.

ಎರೆಮಣ್ಣು: ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಈ ಭಾಗದ ಎರೆಮಣ್ಣಿನ ಜಿಗುಟು ಜೇಡಿ ನೀರನ್ನು ಬಹುಕಾಲ ಹಿಡಿದಿಡುತ್ತದೆ. ಮಳೆ ನಿಂತ ಮೇಲೂ ಬೆಳೆ ಹಸಿರಾಗಿರುವುದು ಈ ಗುಣದಿಂದಲೇ. ಬೆಳೆಗೆ ವರವಾದ ಇದೇ ಗುಣ ಗಾಡಿಗೆ ಶಾಪ. ಗಾಲಿಯ ಮೇಲಿನ ಕಮಾನಿನಲ್ಲಿ, ಚಾಸಿಯ ಅಡ್ಡಪಟ್ಟಿಗಳ ಮೇಲೆ, ಪ್ಲೇಟುಗಳ ಕೊಂಡಿಗಳಲ್ಲಿ ಕುಳಿತ ಎರೆಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ಹಸಿಯಾಗಿರುತ್ತದೆ.

ಮಸಾರಿ ಮತ್ತು ಜಂಬಿಟ್ಟಿಗೆ ನೆಲ: ಜಹೀರಾಬಾದ್, ಬೀದರ್ ಕಡೆಯ ಕೆಂಪು ನೆಲದ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ಅವು ಬಣ್ಣಕ್ಕಿಂತ ಬಹಳ ಗಟ್ಟಿ. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಉಪ್ಪುಕಾಗದದಿಂದ ತಿಕ್ಕಿದಂತೆಯೇ ಸರಿ.

ಸಿಮೆಂಟಿನ ಧೂಳು: ತಾಂಡೂರಿನಿಂದ ಕಾಗಿಣಾ ನದಿಯ ಗುಂಟ ಸೇಡಂ, ಮಳಖೇಡದವರೆಗೆ ಸುಣ್ಣಕಲ್ಲಿನ ನೆಲ, ಅಲ್ಲಲ್ಲಿ ಸಿಮೆಂಟಿನ ಕಾರ್ಖಾನೆಗಳು, ಕಲ್ಲಿನ ಗಣಿಗಳು. ಸಿಮೆಂಟಿನ ಧೂಳು ಕ್ಷಾರ ಗುಣದ್ದು. ರಾತ್ರಿಯ ಇಬ್ಬನಿ ಬಿದ್ದರೆ ಬಣ್ಣದ ಮೇಲೆಯೇ ಗಟ್ಟಿಯಾಗುತ್ತದೆ.

ಗಡಸು ನೀರು: ಸುಣ್ಣಕಲ್ಲಿನ ನೆಲದ ಕೊಳವೆಬಾವಿಯ ನೀರು ಬಿಸಿಲಲ್ಲಿ ಒಣಗಿದರೆ ಬಿಳಿ ಚುಕ್ಕೆಗಳನ್ನು ಉಳಿಸುತ್ತದೆ. ಬಿಸಿ ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಪೊರೆಯೂ ಇದೇ.

ಗೊಬ್ಬರ: ಇದನ್ನು ಬಹಳ ಜನ ಗಮನಿಸುವುದಿಲ್ಲ. ರಾಸಾಯನಿಕ ಗೊಬ್ಬರಗಳು ಬಹುಪಾಲು ಲವಣಗಳೇ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಪೊಟ್ಯಾಸಿಯಂ ಕ್ಲೋರೈಡ್, ಅಡಿಗೆಯ ಉಪ್ಪಿನ ಹತ್ತಿರದ ಸಂಬಂಧಿ. ಲವಣ ಕರಗಿದ ನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದರಿಂದ ತುಕ್ಕು ಬೇಗ ಬೆಳೆಯುತ್ತದೆ. ಸಮುದ್ರ ನಮ್ಮಿಂದ ದೂರವಿದ್ದರೂ, ಹರಿದ ಗೊಬ್ಬರದ ಚೀಲ ಗಾಡಿಯ ತೊಟ್ಟಿಯಲ್ಲೇ ಸಮುದ್ರವನ್ನು ತಂದಿಡುತ್ತದೆ.

ಇವಲ್ಲದೆ ಹಕ್ಕಿಯ ಹಿಕ್ಕೆ, ಬೇವಿನ ಅಂಟು, ದನದ ಗಂಜಲ, ಬೇಸಿಗೆಯ ಬಿಸಿಲು ಇವೂ ಬಣ್ಣವನ್ನು ಕೆಡಿಸುತ್ತವೆ. ಹಿಕ್ಕೆಯನ್ನು ಕಂಡ ದಿನವೇ ನೀರಿನಿಂದ ನೆನೆಸಿ ತೆಗೆಯಬೇಕು.

ತೊಳೆಯುವ ಕ್ರಮ

ಗಾಡಿಯನ್ನು ನೆರಳಿನಲ್ಲಿ, ಇಂಜಿನು ತಣಿದ ಮೇಲೆ ತೊಳೆಯಬೇಕು. ಮೊದಲು ತಳ, ಗಾಲಿಯ ಕಮಾನು, ಅನಂತರ ಮೈ. ಮೈಯನ್ನು ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಉಜ್ಜುವುದಕ್ಕೆ ಮುಂಚೆ ಬರಿಯ ನೀರನ್ನು ಧಾರಾಳವಾಗಿ ಹರಿಸಿ ಮರಳು, ಧೂಳು ಜಾರಿ ಹೋಗುವಂತೆ ಮಾಡಬೇಕು. ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಗಾಡಿಗೆಂದೇ ಮಾಡಿದ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಅಲುಬಲು ಬರಿಯ ನೀರು. ಬಟ್ಟೆ ಒಗೆಯುವ ಪುಡಿಯು ಕ್ಷಾರವಾದುದು. ಅದು ಮೇಣದ ಲೇಪವನ್ನು ಕಿತ್ತುಬಿಡುತ್ತದೆ. ಸೀಮೆಎಣ್ಣೆಯಿಂದ ಒರೆಸುವುದೂ ಸಲ್ಲದು. ಗೋಣಿಯ ತಟ್ಟನ್ನು ಬಣ್ಣಕ್ಕೆ ಮುಟ್ಟಿಸಬಾರದು. ಕೊನೆಗೆ ಮೃದುವಾದ ಬಟ್ಟೆಯಿಂದ ನೀರನ್ನು ಹೀರಿ ತೆಗೆಯಬೇಕು.

ಸಿಮೆಂಟಿನ ಧೂಳಿದ್ದರೆ ಎರಡು ಪಟ್ಟು ನೀರು ಹರಿಸಬೇಕು, ಕೆರೆಯಬಾರದು. ಸುಣ್ಣದ ಬಿಳಿ ಚುಕ್ಕೆಗಳಿಗೆ ನೀರು ಬೆರೆಸಿದ ವಿನಿಗರನ್ನು ಬಟ್ಟೆಯಲ್ಲಿ ಅದ್ದಿ ಸ್ವಲ್ಪ ಹೊತ್ತು ಇಟ್ಟು, ಕೂಡಲೇ ಚೆನ್ನಾಗಿ ತೊಳೆಯಬೇಕು. ಆಮ್ಲವು ಸುಣ್ಣವನ್ನು ಕರಗಿಸುತ್ತದೆ ಎಂಬ ಪಾಠ ಇಲ್ಲಿ ನೆನಪಿಗೆ ಬರಲಿ. ಬಣ್ಣ ಹೋದ ಕಡೆ ವಿನಿಗರ್ ತಾಗಿಸಬಾರದು.

ಮೂರು ತಿಂಗಳಿಗೊಮ್ಮೆ ಮೇಣ ಹಚ್ಚಿದರೆ ಸಾಕು. ಸೆರಾಮಿಕ್ ಲೇಪ, ಪಾರದರ್ಶಕ ಹಾಳೆ ಮುಂತಾದ ಹೊಸ ರಕ್ಷಣೆಗಳೂ ಇವೆ. ಹಾಳೆಯು ಕಲ್ಲಿನ ಪೆಟ್ಟನ್ನು ತಡೆಯುತ್ತದೆ, ಬೆಲೆ ಹೆಚ್ಚು. ಸೆರಾಮಿಕ್ ಲೇಪವು ಕೊಳೆ ಅಂಟದಂತೆ ಮಾಡುತ್ತದೆ, ಕಲ್ಲಿನ ಪೆಟ್ಟನ್ನು ತಡೆಯದು. ದುಡಿಯುವ ಗಾಡಿಗೆ ಇವೆಲ್ಲಕ್ಕಿಂತ ಮೊದಲು ಬೇಕಾದವು ಗಾಲಿಗಳ ಹಿಂದಿನ ರಬ್ಬರ್ ತೆರೆಗಳು. ಗಾಲಿ ಎಸೆಯುವ ಕಲ್ಲನ್ನು ಅವು ಅಲ್ಲೇ ತಡೆಯುತ್ತವೆ.

ಕಲ್ಲು ತಗುಲಿ ಬಣ್ಣ ಹಾರಿದ್ದರೆ ಆ ವಾರವೇ ತೊಳೆದು, ಒಣಗಿಸಿ, ತುಕ್ಕಿದ್ದರೆ ತಿಕ್ಕಿ ತೆಗೆದು, ಮೊದಲ ಲೇಪ ಕೊಟ್ಟು ಅದೇ ಬಣ್ಣವನ್ನು ಸಣ್ಣ ಕುಂಚದಿಂದ ಮುಟ್ಟಿಸಬೇಕು. ಕಂಬಿ, ಕೊಕ್ಕೆಗಳಿಗಾಗಿ ತೊಟ್ಟಿಗೆ ತೂತು ಕೊರೆಸಿದರೆ ಆ ತೂತಿನ ಅಂಚಿಗೂ ಸತುವಿನ ಲೇಪ ಮತ್ತು ಬಣ್ಣ ಅಗತ್ಯ.

ತಳದ ರಕ್ಷಣೆ

ಹೊಲಕ್ಕೂ ಹಳ್ಳಕ್ಕೂ ಇಳಿಯಬಲ್ಲ, ನಾಲ್ಕೂ ಗಾಲಿಗೆ ಇಂಜಿನಿನ ಬಲ ಹೋಗುವ ಪಿಕಪ್ಪುಗಳು ಈಗ ನಮ್ಮ ನಾಡಿನಲ್ಲೇ ತಯಾರಾಗುತ್ತವೆ. ಇಸುಜು ಕಂಪನಿ 2016ರಲ್ಲಿ ಆಂಧ್ರದ ಶ್ರೀಸಿಟಿಯಲ್ಲಿ ಕಾರ್ಖಾನೆ ತೆರೆಯಿತು. ಟೊಯೊಟಾದ ಹೈಲಕ್ಸ್ 2022ರಲ್ಲಿ ಕರ್ನಾಟಕದ ಬಿಡದಿಯಿಂದ ಹೊರಬಂತು. ನಮಗೆ ಹತ್ತಿರದ ಜಹೀರಾಬಾದಿನಲ್ಲಿ 1980ರ ದಶಕದಲ್ಲಿ ಆಲ್ವಿನ್ ನಿಸ್ಸಾನ್ ಹಗುರ ಟ್ರಕ್ಕುಗಳು ತಯಾರಾಗುತ್ತಿದ್ದವು. ಆಮೇಲೆ ಆ ಕಾರ್ಖಾನೆ ಮಹೀಂದ್ರದವರಿಗೆ ಸೇರಿ, 2015ರಲ್ಲಿ ಜೀತೋ ಎಂಬ ಪುಟ್ಟ ಟ್ರಕ್ಕು ಅಲ್ಲಿಂದ ಬಂತು. ಗಾಡಿ ಯಾವುದೇ ಆಗಲಿ, ಬೆಲೆ ಎಷ್ಟೇ ಇರಲಿ, ತಳದ ನಿಯಮ ಒಂದೇ.

ಮೊದಲನೆಯದಾಗಿ, ಕಾರ್ಖಾನೆಯಲ್ಲೇ ಯಾವ ಯಾವ ಭಾಗಕ್ಕೆ ಲೇಪ ಹಾಕಿದ್ದಾರೆ ಎಂಬುದನ್ನು ಕೈಪಿಡಿಯಲ್ಲಿ ಓದಿ, ಮಾರಿದವರನ್ನು ಕೇಳಬೇಕು. ಹೊರಗೆ ಲೇಪ ಹಾಕಿಸಿದರೆ ಖಾತರಿ ಉಳಿಯುವುದೇ ಎಂಬುದನ್ನು ಬರಹದಲ್ಲಿ ಪಡೆಯಬೇಕು.

ಎರಡನೆಯದಾಗಿ, ಲೇಪ ಹಾಕಿಸುವುದಾದರೆ ಹೊಲಕ್ಕೆ ಇಳಿಸುವ ಮುಂಚೆಯೇ ಹಾಕಿಸಬೇಕು. ಗಾಡಿ ಓಡಿದ್ದರೆ ಪೂರ್ತಿ ತೊಳೆದು, ಪೂರ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಇದು ಒಂದು ಗಂಟೆಯ ಕೆಲಸವಲ್ಲ. ಹಸಿಯ ಮೇಲೆ ಹಾಕಿದ ಲೇಪ ಶತ್ರುವನ್ನು ಒಳಗಿಟ್ಟು ಕೋಟೆಯ ಬಾಗಿಲು ಮುಚ್ಚಿದಂತೆ.

ಮೂರನೆಯದಾಗಿ, ಲೇಪಗಳಲ್ಲಿ ಎರಡು ಬಗೆ. ಡಾಂಬರು ಅಥವಾ ರಬ್ಬರಿನ ಗಟ್ಟಿ ಲೇಪವು ಕಲ್ಲಿನ ಪೆಟ್ಟನ್ನು ತಾಳುತ್ತದೆ. ಆದರೆ ಬಿರುಕು ಬಿಟ್ಟರೆ ಒಳಗೆ ನೀರನ್ನು ಹಿಡಿದಿಡುತ್ತದೆ. ಮೇಣ ಅಥವಾ ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡಿದ ಮೆತ್ತನೆಯ ಲೇಪವು ಸಂದುಗಳಿಗೆ ಹರಿದು ಸೇರುತ್ತದೆ. ಆದರೆ ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಗಾಲಿಯ ಕಮಾನಿಗೆ ಮೊದಲನೆಯದು, ಚಾಸಿಯ ಪೊಳ್ಳು ಭಾಗಗಳಿಗೆ ಎರಡನೆಯದು ಹೊಂದುತ್ತದೆ.

ನಾಲ್ಕನೆಯದಾಗಿ, ಹೊಗೆಕೊಳವೆ, ಬ್ರೇಕಿನ ತಟ್ಟೆ, ರಬ್ಬರ್ ಬುಷ್, ತಿರುಗುವ ದಂಡ, ವಿದ್ಯುತ್ ಕೂಡಿಕೆ ಇವಕ್ಕೆ ಲೇಪ ತಾಗಬಾರದು. ಬಾಗಿಲಿನ ಅಡಿಯಲ್ಲಿ, ಚಾಸಿಯಲ್ಲಿ ನೀರು ಇಳಿಯಲೆಂದು ಬಿಟ್ಟ ತೂತುಗಳನ್ನು ಎಂದಿಗೂ ಮುಚ್ಚಬಾರದು.

ಕೆಲವರು ಬಳಸಿದ ಇಂಜಿನ್ ಎಣ್ಣೆಗೆ ಡೀಸೆಲ್ ಬೆರೆಸಿ ತಳಕ್ಕೆ ಸಿಂಪಡಿಸುತ್ತಾರೆ. ಖರ್ಚಿಲ್ಲದ ಉಪಾಯವೆಂದು ಕಾಣುತ್ತದೆ. ಆದರೆ ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಧೂಳನ್ನು ಅಂಟಿಸಿಕೊಳ್ಳುತ್ತದೆ. ಮಳೆಗೆ ತೊಳೆದು ಹೋದ ಎಣ್ಣೆ ನಮ್ಮ ಹೊಲಕ್ಕೂ ಬಾವಿಗೂ ಸೇರುತ್ತದೆ.

ಸತುವಿನ ಪಾಠ

ಸತು ಕಬ್ಬಿಣಕ್ಕಿಂತ ಬೇಗ ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಎರಡೂ ಕೂಡಿದ್ದರೆ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. 1824ರಲ್ಲಿ ಹಂಫ್ರಿ ಡೇವಿಯು ಬ್ರಿಟಿಷ್ ಹಡಗುಗಳ ತಾಮ್ರದ ತಳವನ್ನು ಇದೇ ತತ್ವದಿಂದ, ಸತು ಮತ್ತು ಕಬ್ಬಿಣದ ತುಂಡುಗಳನ್ನು ಜೋಡಿಸಿ, ಕಾಪಾಡಲು ಯತ್ನಿಸಿದನು. ತಾಮ್ರವೇನೋ ಉಳಿಯಿತು. ಆದರೆ ತಾಮ್ರ ಕರಗುವುದು ನಿಂತ ಕೂಡಲೇ ಕಡಲ ಚಿಪ್ಪುಹುಳುಗಳು ತಳಕ್ಕೆ ಮುತ್ತಿಕೊಂಡು ಹಡಗಿನ ವೇಗ ಕುಂದಿತು. ರಕ್ಷಣೆ ಮಾಡಿದ ಮೇಲೂ ಪರಿಣಾಮವನ್ನು ನೋಡುತ್ತಿರಬೇಕು ಎಂಬುದಕ್ಕೆ ಇದು ದೊಡ್ಡ ನಿದರ್ಶನ. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣಕ್ಕೆ ಕರಗಿದ ಸತುವಿನ ಲೇಪ ಕೊಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ನಮ್ಮ ಮನೆಯ ಬಕೆಟ್ಟು, ಮಾಳಿಗೆಯ ತಗಡು ಇಂದಿಗೂ ಅದರ ಫಲವನ್ನು ಉಣ್ಣುತ್ತಿವೆ.

ಮಾಡಿ ನೋಡಿ

ಐದು ಗಾಜಿನ ನಳಿಕೆಗಳಲ್ಲಿ ಒಂದೊಂದು ಹೊಸ ಮೊಳೆ ಇಡಿ. ಮೊದಲನೆಯದರಲ್ಲಿ ಒಣ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಬಿರಡೆ ಮುಚ್ಚಿ. ಎರಡನೆಯದರಲ್ಲಿ ಕುದಿಸಿ ಆರಿಸಿದ ನೀರು, ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ಸಾಧಾರಣ ನೀರು. ನಾಲ್ಕನೆಯದರಲ್ಲಿ ಅಷ್ಟೇ ನೀರಿಗೆ ಒಂದು ಚಿಟಿಕೆ ಪೊಟ್ಯಾಷ್ ಗೊಬ್ಬರ. ಐದನೆಯದರಲ್ಲಿ ಹಸಿ ಎರೆಮಣ್ಣಿನಲ್ಲಿ ಅರ್ಧ ಹೂತ ಮೊಳೆ. ಒಂದು ವಾರ ದಿನವೂ ನೋಡಿ ಬರೆದಿಡಿ. ಯಾವುದಕ್ಕೆ ಮೊದಲು ತುಕ್ಕು ಹಿಡಿಯಿತು? ಹೂತ ಮೊಳೆಯನ್ನು ತೊಳೆದು ನೋಡಿದಾಗ ಯಾವ ಭಾಗ ಹೆಚ್ಚು ಸವೆದಿದೆ?

ನೆನಪಿಡಬೇಕಾದ ಅಂಶಗಳು

1. ಹೊಲದ ರಾಡಿ ಒಣಗುವ ಮುಂಚೆ ತಳ ತೊಳೆಯಿರಿ. ಸಂದಿಯಲ್ಲಿ ನಿಂತ ಮಣ್ಣನ್ನು ಮರದ ಕಡ್ಡಿಯಿಂದ ಬಿಡಿಸಿ, ಲೋಹದಿಂದ ಕೆರೆಯಬೇಡಿ.
2. ಗೊಬ್ಬರ ಸಾಗಿಸಿದ ದಿನವೇ ತೊಟ್ಟಿಯ ಚಾಪೆ ಎತ್ತಿ ತೊಳೆದು ಒಣಗಿಸಿ. ಗೊಬ್ಬರದ ಕೆಳಗೆ ತಾಡಪತ್ರಿ ಹಾಸಿ.
3. ನೀರು ಇಳಿಯುವ ತೂತುಗಳನ್ನು ತಿಂಗಳಿಗೊಮ್ಮೆ ಬಿಡಿಸಿ.
4. ಬ್ರೇಕಿನ ಕೊಳವೆಗಳನ್ನು ಪ್ರತಿ ಮಳೆಗಾಲದ ಮುಂಚೆ ಮತ್ತು ನಂತರ ಮೇಸ್ತ್ರಿಯಿಂದ ನೋಡಿಸಿ.
5. ಒತ್ತಡದ ನೀರನ್ನು ರೇಡಿಯೇಟರ್, ಬೇರಿಂಗ್, ವಿದ್ಯುತ್ ತಂತಿಗಳ ಮೇಲೆ ನೇರವಾಗಿ ಹೊಡೆಯಬೇಡಿ.
6. ಮಕ್ಕಳು ಗಾಡಿಯ ಕೆಳಗೆ ನುಸುಳಬಾರದು. ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಸಮನೆಲದಲ್ಲಿ ನಿಂತ ಗಾಡಿಯನ್ನು ಪಕ್ಕದಲ್ಲಿ ಕುಳಿತು, ಬ್ಯಾಟರಿ ಬಿಟ್ಟು ನೋಡಿದರೆ ಸಾಕು.

ವಿದ್ಯಾರ್ಥಿಗಳೇ, ಭಾನುವಾರ ಹತ್ತು ನಿಮಿಷ ಈ ಕೆಲಸಕ್ಕೆ ಕೊಡಿ. ಕಂದು ಕಲೆ, ಬೊಬ್ಬೆ, ಎಣ್ಣೆಯ ಹನಿ ಕಂಡರೆ ಮನೆಯಲ್ಲಿ ಹೇಳಿ. ಪೋಷಕರೇ, ಮಕ್ಕಳು ತೋರಿಸಿದಾಗ ಒಮ್ಮೆ ಬಾಗಿ ನೋಡಿ. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ಗಾಡಿಗೂ ಸಲ್ಲುತ್ತದೆ. ಅಂದು ನಮ್ಮ ಹುಡುಗಿ ಹೇಳಿದ್ದನ್ನು ಕೇಳಿದ್ದರೆ ಒಂದು ಸಣ್ಣ ಕೊಳವೆಯ ಖರ್ಚಿನಲ್ಲಿ ಕೆಲಸ ಮುಗಿಯುತ್ತಿತ್ತು. ಈಗಿರುವ ನಮ್ಮ ಎರಡನೆಯ ಗಾಡಿಯ ತಳವನ್ನು ಪ್ರತಿ ಭಾನುವಾರ ಅವಳೇ ನೋಡುತ್ತಾಳೆ. ಅವಳು ಹೇಳಿದ್ದನ್ನು ನಾವು ಕೇಳುತ್ತೇವೆ.